ಕಾರ್ಡಿಗೆ ಕಾಣದ ಜ್ವರ

ಗುಲ್ಬರ್ಗ ಜಿಲ್ಲೆಯ ಕಮಲಾಪುರದಲ್ಲಿ ನಾನು ಸಣ್ಣವಳಿದ್ದಾಗ ಡಾಕ್ಟರಿಗಿಂತ ಕಂಪೌಂಡರಿಗೇ ಮರ್ಯಾದೆ ಜಾಸ್ತಿ. ಡಾಕ್ಟರ್ ಎದೆಗೆ ನಳಿಗೆ ಇಟ್ಟು, ನಾಲಿಗೆ ನೋಡಿ, ಚೀಟಿ ಬರೆದು ಮುಂದಿನವರನ್ನು ಕರೆಯುತ್ತಿದ್ದರು. ಔಷಧ ಕೊಡುವ ಕೈ ಮಾತ್ರ ಕಂಪೌಂಡರನದು. ಮನೆಯಿಂದ ಒಯ್ದ ಸೀಸೆ ತೊಳೆದು, ಗುಲಾಬಿ ಬಣ್ಣದ ಮಿಕ್ಸ್ಚರ್ ತುಂಬಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಮೈಗೆ ಅಂಟಿಸಿ, "ಮುಂಜಾನಿ ಒಂದು ಹಲ್ಲು, ಸಂಜಿಗಿ ಒಂದು ಹಲ್ಲು. ಅಲ್ಲಾಡ್ಸಿ ಕುಡಿಸ್ಬೇಕು ನೋಡವ್ವಾ" ಎನ್ನುತ್ತಿದ್ದ.

ಸರ್ಕಾರಿ ದವಾಖಾನಿಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ಕಡೆ ಕೂಡುತ್ತಿದ್ದ ಖಾಸಗಿ ಡಾಕ್ಟರ್ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಆ ಐದರಲ್ಲೇ ಸೂಜಿ, ಆ ಐದರಲ್ಲೇ ಹಳೆ ಪೇಪರಿನಲ್ಲಿ ಕಟ್ಟಿದ ಗುಳಿಗಿ. ಅವ್ವ ಆಗ ತೊಗರಿ ಕೊಯ್ಲಿಗೆ ಹೋದರೆ ದಿನಕ್ಕೆ ಐದಾರು ರೂಪಾಯಿ ಕೂಲಿ ಬರುತ್ತಿತ್ತು. ಅಪ್ಪ ದರ್ಜಿ, ಹೊಲಿಗೆ ಮಷೀನಿನ ಮೇಲೆ ಕುಂತು ಅಷ್ಟೇ ದುಡಿಯುತ್ತಿದ್ದ. ಅಂದರೆ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅವ್ವನ ಒಂದು ದಿನದ ಕೂಲಿ ಹೋಗುತ್ತಿತ್ತು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಗ್ಗ ಇತ್ತು ಎಂದ ಮಾತ್ರಕ್ಕೆ ಆ ಕಾಲ ಚಲೋ ಇತ್ತು ಎಂದು ನಾನು ಹೇಳುವುದಿಲ್ಲ. ಒಂದೇ ಸೂಜಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಇಡೀ ಊರಿಗೆ ಚುಚ್ಚುತ್ತಿದ್ದ ಕಾಲ ಅದು. ನಮ್ಮ ಓಣಿಯಲ್ಲಿ ಮಳೆಗಾಲ ಬಂತೆಂದರೆ ವಾಂತಿಭೇದಿಗೆ ಒಂದೆರಡು ಕೂಸುಗಳು ಹೋಗುವುದು ಸುದ್ದಿಯೇ ಆಗಿರಲಿಲ್ಲ. ಉಪ್ಪು ಸಕ್ಕರೆ ನೀರು ಕುಡಿಸಿದರೆ ಬದುಕುತ್ತಿದ್ದವು ಎಂಬುದು ನನಗೆ ತಿಳಿದದ್ದು ನಾನು ಟೀಚರ್ ಟ್ರೇನಿಂಗಿಗೆ ಹೋದ ಮೇಲೆ. ದೊಡ್ಡ ರೋಗ ಬಂದರೆ ಸೋಲಾಪುರ, ಇಲ್ಲವೇ ಹೈದರಾಬಾದ್. ಅಲ್ಲಿಗೆ ಹೋಗುವಷ್ಟು ರೊಕ್ಕ ಇಲ್ಲದವರು ಖ್ವಾಜಾ ಬಂದೇನವಾಜ್ ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ಹರಕೆ ಹೊತ್ತು ಮನೆಯಲ್ಲೇ ಕೂಡುತ್ತಿದ್ದರು.

ಆದರೆ ಸಣ್ಣ ಬೇನೆಗೆ ಯಾರೂ ಸಾಲ ಮಾಡುತ್ತಿರಲಿಲ್ಲ. ನೆಗಡಿ, ಕೆಮ್ಮು, ಜ್ವರ, ಹೊಟ್ಟೆ ಜಾಡಿಸುವುದು, ಕಿವಿ ಸೋರುವುದು, ಇವಕ್ಕೆಲ್ಲ ಅಪ್ಪ ಅಂಗಿ ಜೇಬಿನಲ್ಲಿ ಕೈ ಹಾಕಿದರೆ ಸಿಗುವಷ್ಟೇ ದುಡ್ಡು ಸಾಕಾಗುತ್ತಿತ್ತು. ಅದಕ್ಕೆ ಕಾರಣ ನಮ್ಮ ಡಾಕ್ಟರುಗಳ ಒಳ್ಳೆಯತನ ಒಂದೇ ಅಲ್ಲ. 1979ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ 347 ಔಷಧಗಳ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. 1987ಕ್ಕೆ ಆ ಪಟ್ಟಿ 142ಕ್ಕೆ ಇಳಿಯಿತು, 1995ಕ್ಕೆ 74ಕ್ಕೆ. ಪೇಪರಿನಲ್ಲಿ ಕಟ್ಟಿದ ಗುಳಿಗಿ ಹೋಗಿ ಮಿರಮಿರ ಮಿಂಚುವ ಪಟ್ಟಿ ಗುಳಿಗಿ ನಮ್ಮೂರಿಗೆ ಬಂದದ್ದೂ ಹೆಚ್ಚು ಕಡಿಮೆ ಇದೇ ಹೊತ್ತಿಗೆ. ಡಾಕ್ಟರ್ ಬರೆಯುವುದಷ್ಟೇ, ಔಷಧ ಮೆಡಿಕಲ್ ಅಂಗಡಿಯಲ್ಲಿ ಎಂಬ ಹೊಸ ರೂಢಿ ಬೇರೂರಿತು. ಫೀಸು ಒಂದು ಕಡೆ, ಗುಳಿಗಿ ಒಂದು ಕಡೆ. ಮುಂದೆ ರಕ್ತ ತಪಾಸಣೆ ಮೂರನೇ ಕಡೆ ಹುಟ್ಟಿಕೊಂಡಿತು.

ನನಗೆ ಲಗ್ನವಾಗಿ ಗುಲ್ಬರ್ಗಕ್ಕೆ, ಅಂದರೆ ಈಗಿನ ಕಲಬುರಗಿಗೆ, ಬಂದೆ. ನಮ್ಮ ಯಜಮಾನರು ನೆಹರು ಗಂಜ್ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ರಾಜ್ಯದಲ್ಲಿ ಮೊದಲು ಮಕಾಡೆ ಬಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕಮಲಾಪುರಕ್ಕೆ ಹೋದರೆ ಇಡೀ ಓಣಿ ಗೋಡೆ ಹಿಡಿದು ನಡೆಯುತ್ತಿತ್ತು. ಅಪ್ಪನ ಬೆರಳು ಸೆಟೆದುಕೊಂಡು ಕತ್ತರಿ ಹಿಡಿಯಲಾಗದೆ ಮಷೀನಿಗೆ ಬಟ್ಟೆ ಮುಚ್ಚಿಬಿಟ್ಟಿದ್ದ. ಆ ರೋಗಕ್ಕೆ ಮದ್ದಿಲ್ಲ, ನೋವಿನ ಗುಳಿಗಿ ನುಂಗಿ, ನೀರು ಕುಡಿದು, ಮಲಗಬೇಕು ಅಷ್ಟೇ. ಆದರೆ ನಮ್ಮ ಮಂದಿಗೆ ಸೂಜಿ ಮಾಡದಿದ್ದರೆ ಡಾಕ್ಟರೇ ಅಲ್ಲ. ಸಲಾಯಿನ್ ಹಚ್ಚದಿದ್ದರೆ ಅದು ದವಾಖಾನಿಯೇ ಅಲ್ಲ. ಹಳ್ಳಿ ಹಳ್ಳಿಯ ಆರ್‌ಎಂಪಿಗಳು, ಅಂದರೆ ಪದವಿಯಿಲ್ಲದ ಡಾಕ್ಟರುಗಳು, ಗ್ವಾಡಿ ಮೊಳೆಗೆ ಬಾಟ್ಲಿ ತೂಗುಹಾಕಿ, ಕಟ್ಟೆಯ ಮೇಲೆ ಮಂದಿಯನ್ನು ಸಾಲಾಗಿ ಮಲಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಣ್ಣ ಬೇನೆಗೆ ಕೈಗಡ ತರುವುದನ್ನು ನಮ್ಮ ಮನೆಯಲ್ಲಿ ನಾನು ಮೊದಲು ನೋಡಿದ್ದು ಆ ವರ್ಷ. ಅಪ್ಪ ದುಡಿಯಲಾಗದೆ ಕುಂತಿದ್ದ ದಿನಗಳ ಕೂಲಿಯನ್ನು ಯಾವ ಬಿಲ್ಲಿನಲ್ಲೂ ಬರೆಯಲಿಲ್ಲ, ನಿಜವಾದ ಪೆಟ್ಟು ಅದೇ.

ಇನ್ನು ಅಪ್ಪನ ಎದೆಯ ಕಥೆ. 2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಾಗ ಮೊದಲು ಶುರು ಮಾಡಿದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲೇ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರ, ಸುಟ್ಟಗಾಯ, ಇಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕಾರ್ಡಿನವರಿಗೆ ಪುಕ್ಕಟೆ ಚಿಕಿತ್ಸೆ. ಎಲ್ಲದರಲ್ಲೂ ಕಡೆಗೆ ನಿಲ್ಲುವ ನಮ್ಮ ಭಾಗಕ್ಕೆ ಒಂದು ಒಳ್ಳೆಯದು ಮೊದಲು ಬಂದದ್ದು ಅಪರೂಪ. ಅಪ್ಪನಿಗೆ ಬೈಪಾಸ್ ಆಗಿದ್ದು ಆ ಯೋಜನೆಯಲ್ಲೇ. ಒಂದು ಪೈಸೆ ಕೇಳಲಿಲ್ಲ. ಅವ್ವ ಆ ಡಾಕ್ಟರ ಕಾಲಿಗೆ ಬೀಳಲು ಹೋದಾಗ ಅವರೇ ಹಿಂದೆ ಸರಿದರು. ಆ ಕಾರ್ಡ್ ಇರದಿದ್ದರೆ ಅಪ್ಪ ಆ ವರ್ಷವೇ ಹೋಗುತ್ತಿದ್ದ. ಯೋಜನೆಗಳ ಬಗ್ಗೆ ಮುಂದೆ ನಾನು ಏನೇ ಅಂದರೂ ಈ ಋಣ ಮರೆತು ಅಂದದ್ದಲ್ಲ.

ಆದರೆ ಬೈಪಾಸ್ ಆದವನು ಮುಂದೆ ಬದುಕಿರುವಷ್ಟು ದಿನ ಗುಳಿಗಿ ನುಂಗಬೇಕು. ರಕ್ತ ತೆಳು ಮಾಡುವುದು, ಕೊಬ್ಬು ಇಳಿಸುವುದು, ಬಿಪಿಗೆ ಒಂದು, ಹೊಟ್ಟೆ ಉರಿಯದಂತೆ ಒಂದು. ಮೊದಲ ಕೆಲವು ತಿಂಗಳು ಆಸ್ಪತ್ರೆಯವರೇ ಕೊಟ್ಟರು. ಆಮೇಲೆ ಅದು ನಮ್ಮ ಪಾಲಿಗೆ ಬಂತು. ಶುರುವಿನಲ್ಲಿ ತಿಂಗಳಿಗೆ ಆರುನೂರು ಆಗುತ್ತಿತ್ತು, ಕೊನೆ ಕೊನೆಗೆ ಸಾವಿರದ ಮುನ್ನೂರು. ಅಪ್ಪ ಹತ್ತು ವರ್ಷ ಚಲೋ ಬಾಳಿದ, ಮೊಮ್ಮಕ್ಕಳಿಗೆ ಚಡ್ಡಿ ಹೊಲಿದುಕೊಟ್ಟ. ಆ ಹತ್ತು ವರ್ಷದ ಗುಳಿಗಿ ಖರ್ಚು ಲಕ್ಷ ದಾಟಿತ್ತು. ತಿಂಗಳ ಕೊನೆಗೆ ರೊಕ್ಕ ಮುಗಿದರೆ ಅಪ್ಪ ನಮಗೆ ಹೇಳದೆ ದಿನ ಬಿಟ್ಟು ದಿನ ನುಂಗುತ್ತಿದ್ದ. ಒಮ್ಮೆ ಡಬ್ಬಿ ಎಣಿಸಿ ನೋಡಿ ನಾನು ಸಿಟ್ಟಾದರೆ, "ಎದಿ ನಂದು, ನನಗ ಗೊತ್ತದ ಅದಕ್ಕ ಎಷ್ಟು ಬೇಕಂತ. ಬ್ಯಾಡ ಬಿಡು ಮಗಳಾ" ಅಂದ. ಎದೆ ಕೊಯ್ದು ಹೊಲಿಯಲು ಸರ್ಕಾರದ ಹತ್ತಿರ ದುಡ್ಡಿತ್ತು. ಆ ಹೊಲಿಗೆ ಬಿಚ್ಚದಂತೆ ಕಾಯುವ ಗುಳಿಗಿಗೆ ಇರಲಿಲ್ಲ.

ಗುಳಿಗಿಯ ಬೆಲೆ ಏರುವ ಬಗೆಯನ್ನು ನಮ್ಮ ಯಜಮಾನರು ಒಮ್ಮೆ ನನಗೆ ಕೂಡಿಸಿ ತಿಳಿಸಿದರು, ಲೆಕ್ಕದ ಮನುಷ್ಯ ನೋಡಿ. 2013ರ ಹೊಸ ಆದೇಶದಂತೆ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದದ್ದಕ್ಕೆ ಗರಿಷ್ಠ ಬೆಲೆ ಉಂಟು. ಆದರೆ ಆ ಬೆಲೆ ಕಟ್ಟುವುದು ಮಾಡುವ ಖರ್ಚನ್ನು ನೋಡಿ ಅಲ್ಲ, ಪೇಟೆಯಲ್ಲಿ ಈಗಾಗಲೇ ಇರುವ ಬ್ರಾಂಡುಗಳ ಬೆಲೆಯ ಸರಾಸರಿ ತೆಗೆದು. ಅದೂ ಪ್ರತಿ ವರ್ಷ ಸಗಟು ಬೆಲೆ ಸೂಚ್ಯಂಕದ ಜೊತೆ ಏರಬಹುದು. 2022ರ ಏಪ್ರಿಲಿನಲ್ಲಿ ಶೇ 10.76, 2023ರ ಏಪ್ರಿಲಿನಲ್ಲಿ ಶೇ 12.12 ಏರಿಸಲು ಬಿಟ್ಟರು. ಪಟ್ಟಿಯ ಹೊರಗಿನ ಔಷಧವನ್ನು ಕಂಪನಿಗಳು ಯಾರನ್ನೂ ಕೇಳದೆ ವರ್ಷಕ್ಕೆ ಶೇ 10ರ ತನಕ ಏರಿಸಬಹುದು. ಎರಡು ಮೂರು ಔಷಧ ಬೆರೆಸಿದ ಗುಳಿಗಿಗಳಲ್ಲಿ ಬಹಳಷ್ಟು ಪಟ್ಟಿಯ ಹೊರಗೇ ಇರುತ್ತವೆ, ಚೀಟಿಯಲ್ಲಿ ಹೆಚ್ಚು ಕಾಣುವುದೂ ಅವೇ. 2025ರ ಸೆಪ್ಟೆಂಬರಿನಲ್ಲಿ ಔಷಧದ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ನಿಜ, ಒಳ್ಳೆಯದೇ. ಆದರೆ 2022, 2023ರ ಆ ಎರಡು ಏಪ್ರಿಲುಗಳ ಏರಿಕೆ ಅದಕ್ಕಿಂತ ದೊಡ್ಡದಿತ್ತು.

ನಮ್ಮ ಮನೆಗೂ ಒಂದು ಕಾಲಕ್ಕೆ ಸಣ್ಣ ಬೇನೆಯ ಚಿಂತೆ ಇರಲಿಲ್ಲ. ಮಿಲ್ಲಿನಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇತ್ತು. ಬಡವರ ಎಲ್ಲ ಆರೋಗ್ಯ ವ್ಯವಸ್ಥೆಗಳಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದು ಅನಿಸಿದ್ದು ಇದೇ. ಸಂಬಳದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಮಾಲೀಕರು ಅದಕ್ಕಿಂತ ಹೆಚ್ಚು ಹಾಕುತ್ತಾರೆ. ಬದಲಿಗೆ ನೆಗಡಿಯಿಂದ ಹಿಡಿದು ಆಪರೇಷನ್ ತನಕ, ಡಾಕ್ಟರ್, ತಪಾಸಣೆ, ಗುಳಿಗಿ ಎಲ್ಲ ಇಡೀ ಕುಟುಂಬಕ್ಕೆ. ಸೇಡಂ ರಸ್ತೆಯಲ್ಲಿ ಇಎಸ್‌ಐಸಿಯ ಮೆಡಿಕಲ್ ಕಾಲೇಜೇ ಎದ್ದು ನಿಂತಿದೆ, ಅಷ್ಟು ದೊಡ್ಡ ಕಟ್ಟಡ ಕಲಬುರಗಿಯಲ್ಲಿ ಮತ್ತೊಂದು ಹುಡುಕಬೇಕು. ಮಕ್ಕಳ ಕೆಮ್ಮು ಜ್ವರ ಎಲ್ಲ ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಕಳೆದವು. ಸಾಲು ಉದ್ದ ಇರುತ್ತಿತ್ತು, ಅರ್ಧ ದಿನ ಹೋಗುತ್ತಿತ್ತು, ಆದರೂ ಕೈಯಿಂದ ದುಡ್ಡು ಹೋಗುತ್ತಿರಲಿಲ್ಲ.

ಇಎಸ್‌ಐಗೆ ಒಂದು ಸಂಬಳದ ಮಿತಿ ಉಂಟು. 2017ರ ಜನವರಿಯಲ್ಲಿ ಅದನ್ನು 15,000ದಿಂದ 21,000 ರೂಪಾಯಿಗೆ ಏರಿಸಿದರು. ಆಮೇಲೆ ಹಾಲು, ಎಣ್ಣೆ, ಬಾಡಿಗೆ ಎಲ್ಲ ಏರಿದವು, ಆ ಮಿತಿ ವರ್ಷಗಟ್ಟಲೆ ನಿಂತಲ್ಲೇ ನಿಂತಿತು. ನಮ್ಮ ಯಜಮಾನರಿಗೆ ಸಾವಿರ ರೂಪಾಯಿ ಸಂಬಳ ಏರಿ 21,000 ದಾಟಿದಾಗ ಮನೆಯಲ್ಲಿ ಹುಗ್ಗಿ ಮಾಡಿದ್ದೆ. ವಂತಿಗೆಯ ಅವಧಿ ಮುಗಿದ ಮೇಲೆ ಕಾರ್ಡ್ ನಿಂತಿತು. ಆ ಸಾವಿರ ರೂಪಾಯಿ ತಿಂಗಳು ತಿಂಗಳು ಮೆಡಿಕಲ್ ಅಂಗಡಿಗೆ ಹೋಗತೊಡಗಿತು, ಮೇಲೆ ಕೈಯಿಂದಲೂ ಹಾಕಬೇಕಾಯಿತು. ಬಿಪಿಎಲ್‌ಗೆ ನಾವು ಹೆಚ್ಚಿನವರು, ಇಎಸ್‌ಐಗೂ ಹೆಚ್ಚಿನವರು, ಖಾಸಗಿ ವಿಮೆ ಕಟ್ಟಲು ಕಡಿಮೆಯವರು. ಕಲಬುರಗಿಯಲ್ಲಿ ಹೀಗೆ ನಡುವೆ ಸಿಕ್ಕಿಬಿದ್ದ ಮನೆಗಳು ಎಷ್ಟೋ.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮೂರಿನ ಹಿರಿಯರೊಬ್ಬರದು ಎಂದು ಸುದ್ದಿಯಾದಾಗ ಟಿವಿಯ ಎಲ್ಲ ಕ್ಯಾಮೆರಾ ಇತ್ತ ತಿರುಗಿದವು. ಆ ದಿನಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬೇರೆ ಬರೆಯುವುದಿಲ್ಲ. ಆಗ ಸಣ್ಣ ಕ್ಲಿನಿಕ್ಕುಗಳು ಬಾಗಿಲು ಹಾಕಿದ್ದರಿಂದ ಮಂದಿ ಮೆಡಿಕಲ್ ಅಂಗಡಿಯ ಹುಡುಗನನ್ನೇ ಡಾಕ್ಟರ್ ಮಾಡಿಕೊಂಡರು. ಆ ಚಟ ಇನ್ನೂ ಬಿಟ್ಟಿಲ್ಲ. "ಎರಡು ದಿನದ ಗುಳಿಗಿ ಕೊಡು ತಮ್ಮಾ" ಎಂದರೆ ಅವನು ನಾಲ್ಕು ಬಣ್ಣದವನ್ನು ಕತ್ತರಿಸಿ ಕೊಡುತ್ತಾನೆ, ಅದರಲ್ಲೊಂದು ಆ್ಯಂಟಿಬಯೋಟಿಕ್ ಇದ್ದೇ ಇರುತ್ತದೆ. ಡಾಕ್ಟರ ಫೀಸು ಉಳಿಯುತ್ತದೆ. ಜ್ವರ ಉಳಿದರೆ ಮುಂದಿನ ವಾರ ದುಪ್ಪಟ್ಟು.

ಈಗ 2024ರ ಮಳೆಗಾಲದ ಒಂದು ಬಿಲ್ಲು. ಆ ವರ್ಷ ರಾಜ್ಯದ ತುಂಬ ಡೆಂಗೀ, ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನನ್ನ ತಮ್ಮನೂ ದರ್ಜಿಯೇ, ಕಮಲಾಪುರದ ಹತ್ತಿರದ ಹಳ್ಳಿಯಲ್ಲಿದ್ದಾನೆ. ಅವನ ಮಗನಿಗೆ ಜ್ವರ ಬಂತು. ಜ್ವರ ಏರುವುದು ಹೊತ್ತು ಮುಳುಗಿದ ಮೇಲೆ, ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಮುಗಿಯುವುದು ಸಂಜೆ ನಾಲ್ಕೂವರೆಗೆ. ತಮ್ಮ ಆರ್‌ಎಂಪಿಯ ಹತ್ತಿರ ಹೋದ. ಎರಡು ಸಂಜೆ ಸೂಜಿ, ಸಲಾಯಿನ್, ಒಂದು ಸಾವಿರ. ಜ್ವರ ಇಳಿಯಲಿಲ್ಲ, ಕಲಬುರಗಿಗೆ ಕರೆತಂದರು. ಖಾಸಗಿ ಡಾಕ್ಟರ ಫೀಸು 300. ರಕ್ತ ತಪಾಸಣೆ, ಮಲೇರಿಯಾ, ಟೈಫಾಯ್ಡ್, ಡೆಂಗೀ ಸೇರಿ 1,650. ಗುಳಿಗಿ, ಸಿರಪ್ಪು 1,120. "ಒಂದ್ ಬಾಟ್ಲಿ ಹಚ್ಚೋಣ" ಎಂದು ಹಗಲು ಮಲಗಿಸಿಕೊಂಡದ್ದಕ್ಕೆ 1,500. ಪ್ಲೇಟ್ಲೆಟ್ ನೋಡಲು ಮತ್ತೆ ಎರಡು ಸಲ ರಕ್ತ, 600. ಆಟೋ, ಊಟ, ತಮ್ಮನ ಬಸ್ ಚಾರ್ಜು 400. ತಮ್ಮನ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆಯಾದ್ದರಿಂದ ಅಷ್ಟಕ್ಕೆ ನಿಂತಿತು. ಒಟ್ಟು 6,570.

ಡೆಂಗೀ ಇರಲಿಲ್ಲ. ಟೈಫಾಯ್ಡ್ ಅಂದರು, ಆಮೇಲೆ ವೈರಲ್ ಇರಬಹುದು ಅಂದರು. ಟೈಫಾಯ್ಡಿಗೆ ನಮ್ಮಲ್ಲಿ ಮಾಡುವ ವಿಡಾಲ್ ಪರೀಕ್ಷೆ ಒಂದೇ ಸಲ ಮಾಡಿದರೆ ನಂಬುವಂಥದಲ್ಲ. ಹಿಂದೆ ಎಂದೋ ಸೋಂಕು ತಗುಲಿದವರ ರಕ್ತದಲ್ಲೂ ಅದು ಹೌದು ಎನ್ನಬಹುದು, ನಮ್ಮ ಕಡೆಯ ನೀರು ಕುಡಿದವರಲ್ಲಿ ಯಾರಿಗೆ ತಗುಲಿಲ್ಲ? ಸರಿಯಾದದ್ದು ರಕ್ತದ ಕಲ್ಚರ್, ಅದಕ್ಕೆ ದಿನ ಹಿಡಿಯುತ್ತದೆ, ಕಾಯುವ ವ್ಯವಧಾನ ಯಾರಿಗೂ ಇಲ್ಲ. ಆ ವರ್ಷ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಡೆಂಗೀಯ ಎರಡು ಎಲಿಸಾ ಪರೀಕ್ಷೆಗಳಿಗೂ ತಲಾ 300 ರೂಪಾಯಿಯ ಮಿತಿ ಹಾಕಿತ್ತು ಎಂಬುದು ತಮ್ಮನಿಗೆ ಗೊತ್ತೇ ಇರಲಿಲ್ಲ. ಹೇಳುವವರೂ ಇರಲಿಲ್ಲ.

ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ. ಅವ್ವನ ಒಂದು ದಿನದ ಕೂಲಿಗೆ ಮುಗಿಯುತ್ತಿದ್ದ ಮಗುವಿನ ಜ್ವರ ಈಗ ಹತ್ತೊಂಬತ್ತು ದಿನದ ಕೂಲಿ ನುಂಗಿತು. ತಮ್ಮನ ಹೆಂಡತಿ ಸಂಘದಲ್ಲಿ ಸಾಲ ಎತ್ತಿದಳು. ಅರ್ಜಿಯಲ್ಲಿ ಹೊಲಿಗೆ ಮಷೀನು ಖರೀದಿಗೆ ಎಂದು ಬರೆಸಿದ್ದಳು. "ದವಾಖಾನಿಗಿ ಅಂದ್ರ ಕೊಡಂಗಿಲ್ರಿ ವೈನಿ, ಮಷೀನ್ ಅಂದ್ರ ಕೊಡ್ತಾರ" ಅಂದಳು. ಹಳ್ಳಿಯ ಹೆಣ್ಣುಮಕ್ಕಳ ಸಾಲದ ಲೆಕ್ಕದಲ್ಲಿ ಮಷೀನು, ಎಮ್ಮೆ, ಕಿರಾಣಿ ಅಂಗಡಿ ಎಂದು ಇರುವುದರಲ್ಲಿ ಎಷ್ಟು ಜ್ವರ ಅಡಗಿವೆಯೋ.

"ಆಯುಷ್ಮಾನ್ ಕಾರ್ಡ್ ಇತ್ತಲ್ಲೋ" ಎಂದು ತಮ್ಮನನ್ನು ಬೈದವರುಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದವರಿಗೆ, ಅದೂ ತುರ್ತು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಖಾಸಗಿಗೆ. ಸಂಜೆ ಕ್ಲಿನಿಕ್ಕಿನ ಬಾಕಿನ ಮೇಲೆ ಕುಂತ ಹುಡುಗನ ಜ್ವರ ಆ ಕಾರ್ಡಿಗೆ ಕಾಣುವುದೇ ಇಲ್ಲ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸುಳ್ಳೆಂದು ನಾನು ಹೇಳುವುದಿಲ್ಲ. ಸರ್ಕಾರ ಹೆಚ್ಚು ಖರ್ಚು ಮಾಡತೊಡಗಿದರೆ ನಮ್ಮ ಪಾಲು ತಾನೇ ಇಳಿಯುತ್ತದೆ, ನಮ್ಮ ಜೇಬಿನ ರೂಪಾಯಿ ಇಳಿಯಬೇಕೆಂದೇನಿಲ್ಲ. ಅಲ್ಲದೆ ಆಸ್ಪತ್ರೆಗೆ ದಾಖಲಾಗದ ಕಾಯಿಲೆಗಳ ಖರ್ಚಿನಲ್ಲಿ ಹಳ್ಳಿಯಲ್ಲಿ ಶೇ 72, ಪಟ್ಟಣದಲ್ಲಿ ಶೇ 68 ಔಷಧಕ್ಕೇ ಹೋಗುತ್ತದೆ ಎಂದು 2014ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಕಂಡಿತ್ತು. ರೋಗ ಎಲ್ಲಿದೆ ಎಂದು ಆಗಲೇ ಗೊತ್ತಿತ್ತು, ಮದ್ದನ್ನು ಮಾತ್ರ ಬೇರೆ ಕಡೆ ಹಚ್ಚಿದರು.

ಅವ್ವನಿಗೆ ಈಗ ಸಕ್ಕರೆ, ಬಿಪಿ ಎರಡೂ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಗುಳಿಗಿ ಪೂರಾ, ತಡವಾದ ತಿಂಗಳು ಅರ್ಧ. ಜನೌಷಧಿ ಅಂಗಡಿಯಿಂದ ತಂದುಕೊಟ್ಟರೆ ಮೊದಲು ಮೂಗು ಮುರಿದಳು, "ಅಗ್ಗದ ಗುಳಿಗಿ ಹತ್ತಂಗಿಲ್ಲ ಬೇ." ಮೂರು ತಿಂಗಳ ಮೇಲೆ ತಪಾಸಣೆ ಮಾಡಿಸಿ ಸಕ್ಕರೆ ಹತೋಟಿಯಲ್ಲಿರುವುದನ್ನು ತೋರಿಸಿದ ಮೇಲೆ ಒಪ್ಪಿದಳು. ಖರ್ಚು ಮೂರರಲ್ಲೊಂದು ಪಾಲಿಗೆ ಇಳಿಯಿತು. ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಮಾತು ಹೈಕೋರ್ಟ್ ಮೆಟ್ಟಿಲೇರಿತು. ಆಸ್ಪತ್ರೆಯಲ್ಲೇ ಪುಕ್ಕಟೆ ಕೊಡುವಾಗ ಮಾರುವ ಅಂಗಡಿ ಏಕೆ ಎಂಬುದು ಸರ್ಕಾರದ ವಾದ. ವಾದ ಸರಿಯಾಗಿಯೇ ಇದೆ, ಪುಕ್ಕಟೆ ಔಷಧ ಎಲ್ಲ ದಿನ, ಎಲ್ಲ ಕಿಟಕಿಯಲ್ಲೂ ಸಿಗುವುದಾದರೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಸಕ್ಕರೆ, ಬಿಪಿ ನೋಡಿ ಗುಳಿಗಿ ಕೊಡುವುದು ನನಗೆ ಬಹಳ ಸೇರಿದೆ. ಅಪ್ಪನ ಕಾಲಕ್ಕೆ ಅದು ಇದ್ದಿದ್ದರೆ ಅವನು ಗುಳಿಗಿ ಎಣಿಸಿ ನುಂಗುತ್ತಿರಲಿಲ್ಲ.

ಹೊಸ ತಾಲೂಕಾದ ಕಮಲಾಪುರಕ್ಕೆ ಕಚೇರಿಗಳು ಬಂದವು, ಸಂಜೆಯ ಜ್ವರ ನೋಡುವ ಏರ್ಪಾಡೂ ಬರಲಿ. ಅಧಿಕಾರದಲ್ಲಿರುವವರಿಗೆ ನನ್ನದು ದೊಡ್ಡ ಬೇಡಿಕೆಯಲ್ಲ. ಎಲ್ಲ ತಾಲೂಕು ಆಸ್ಪತ್ರೆಗಳಲ್ಲಿ ಒಬ್ಬ ಡಾಕ್ಟರ್, ಒಬ್ಬ ಲ್ಯಾಬಿನವರು, ಔಷಧದ ಒಂದು ಕಿಟಕಿ ರಾತ್ರಿ ಎಂಟರ ತನಕ ಇರಲಿ, ಕೂಲಿಯವರು ಹೊಲದಿಂದ ಮನೆಗೆ ಬಂದ ಮೇಲೂ ಸಿಗುವಂತೆ. ಇಎಸ್‌ಐ ಮಿತಿ ಏರಿಸಿ. ಲಕ್ಷಗಟ್ಟಲೆಯ ಆಪರೇಷನ್ನಿಗೆ ಕೊಡುವ ಕಾರ್ಡಿನಲ್ಲೇ ತಿಂಗಳ ಗುಳಿಗಿಗೂ ಜಾಗ ಮಾಡಿ.

ಓದುಗರಿಗೆ ಒಂದು ಮಾತು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕು, ಲ್ಯಾಬು, ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ಒಳಗೆ ಹೋದ ಕೂಡಲೇ ಗೋಡೆಯ ಮೇಲೆ ಅದನ್ನು ಹುಡುಕಿ. ಇಲ್ಲದಿದ್ದರೆ ಕೇಳಿ, ಹೊರಗೆ ಬರುವಾಗ ಬಿಲ್ಲನ್ನೂ ಕೇಳಿ ತೆಗೆದುಕೊಳ್ಳಿ.